ಬೆನ್ನು ತೆರೆದ ಕುಪ್ಪಸ ಮತ್ತು ಅಂಟು ಒಳಉಡುಪು

ಅಂಟು ಒಳಉಡುಪು: ಭುಜಪಟ್ಟಿ, ಬೆನ್ನಪಟ್ಟಿ ಎರಡೂ ಇಲ್ಲದೆ, ಅಂಟಿನ ಬಲದಿಂದಲೇ ಮೈಗೆ ಹತ್ತಿ ನಿಂತು ಎದೆಗೆ ಆಧಾರ ಕೊಡುವ ಸ್ತ್ರೀಯರ ಒಳಉಡುಪು. ಸಿಲಿಕೋನ್ ಕಪ್ಪು, ಬಟ್ಟೆಯ ಟೇಪು, ತೊಟ್ಟು ಮುಚ್ಚುವ ಬಿಲ್ಲೆ ಇದರ ಮುಖ್ಯ ರೂಪಗಳು. ಬೆನ್ನು ತೆರೆದ ಅಥವಾ ಕೊರಳು ಆಳವಾಗಿ ಇಳಿದ ರವಿಕೆ, ಗೌನುಗಳ ಒಳಗೆ ತೊಡುತ್ತಾರೆ. ಕರ್ನಾಟಕದಲ್ಲಿ ಇದರ ಬಳಕೆ ಈಚಿನದು. ಆದರೆ ಬೆನ್ನ ಮೇಲೆ ಬಟ್ಟೆ ಇಲ್ಲದಾಗ ಎದೆಯ ಭಾರವನ್ನು ಯಾವುದು ಹೊರಬೇಕು ಎಂಬ ಪ್ರಶ್ನೆಗೆ ಈ ನಾಡಿನ ಹೆಂಗಸರು, ಸಿಂಪಿಗರು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಆ ಉತ್ತರ ಬಟ್ಟೆಯ ಕತ್ತರಿಕೆಯಲ್ಲಿ, ಗಂಟಿನಲ್ಲಿ, ಲಾಡಿಯಲ್ಲಿ ಇತ್ತು. ಅಂಟು ಬಂದದ್ದು ಆ ಉತ್ತರಗಳು ಬಳಕೆ ತಪ್ಪಿದ ಮೇಲೆ.

ದಕ್ಷಿಣ ಭಾರತದ ಶಿಲ್ಪಪದ್ಧತಿಯಲ್ಲಿ ಶ್ರೀದೇವಿಗೆ ಕುಚಬಂಧ ಇರುತ್ತದೆ, ಭೂದೇವಿಗೆ ಇರುವುದಿಲ್ಲ. ಇಬ್ಬರನ್ನು ಗುರುತಿಸಲು ಇದೂ ಒಂದು ಕುರುಹು. ಭುಜದ ಮೇಲೆ ಹಾಯದೆ ಎದೆಯನ್ನು ಸುತ್ತಿ ಬಿಗಿಯುವ ಈ ಪಟ್ಟಿಯನ್ನು ಪಟ್ಟಿರಹಿತ ಒಳಉಡುಪಿನ ಹಿರಿಯ ರೂಪವೆನ್ನಲು ಅಡ್ಡಿಯಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ಮದನಿಕೆಯರ ಮೈಮೇಲೆ ಬಟ್ಟೆಗಿಂತ ಒಡವೆಯೇ ಹೆಚ್ಚು. ಆದರೆ ಶಿಲ್ಪಿಯ ರೂಢಿಯನ್ನು ಅಂದಿನ ಹೆಂಗಸರ ಉಡುಪಿನ ದಾಖಲೆಯೆಂದು ಓದುವುದು ಸರಿಯಲ್ಲ. ವಿಜಯನಗರದ ಕಾಲದ ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಸೀರೆಯ ಜತೆ ಮೈಗೆ ಬಿಗಿದ ಕುಪ್ಪಸ ತೊಟ್ಟ ಹೆಂಗಸರು ಕಾಣುತ್ತಾರೆ.

ಧಾರವಾಡ, ಬಾಗಲಕೋಟೆ, ವಿಜಯಪುರ ಸೀಮೆಯ ಕುಪ್ಪಸಕ್ಕೆ ಗುಳೇದಗುಡ್ಡದ ಖಣವೇ ಬೇಕು. ಇಳಕಲ್ ಸೀರೆಗೆ ಜೋಡಿಯಾಗಿ ನೇಯುವ ಈ ಬಟ್ಟೆ ಅಗಲದಲ್ಲಿ ಕಿರಿದು, ದಡಿಯಲ್ಲಿ ಗಟ್ಟಿ. ಸಿಂಪಿಗನು ಅದನ್ನು ಹೆಚ್ಚು ಕತ್ತರಿಸದೆ ಮಡಿಸಿ, ಕಂಕುಳಲ್ಲಿ ತ್ರಿಕೋನದ ತುಂಡು ಕೊಟ್ಟು ಹೊಲಿಯುತ್ತಿದ್ದ. ದಡಿ ತೋಳಿನ ಅಂಚಿಗೆ ಬರುತ್ತಿತ್ತು. ಗುಂಡಿ, ಹುಕ್ಕು ಯಾವುದೂ ಇಲ್ಲ. ಎದೆಯ ಕೆಳಗೆ ಎರಡು ತುದಿಗಳನ್ನು ಸೇರಿಸಿ ಗಂಟು. ಇಡೀ ಉಡುಪಿನ ಜಾಣತನ ಆ ಗಂಟಿನಲ್ಲಿದೆ. ಬಸುರಿ, ಬಾಣಂತಿ, ಹಾಲೂಡುವ ತಾಯಿ, ಮುಪ್ಪಿನಲ್ಲಿ ಮೈ ಇಳಿದವಳು ಎಲ್ಲರೂ ತಮ್ಮ ತಮ್ಮ ಅಳತೆಗೆ ಅದನ್ನು ಬಿಗಿದೋ ಸಡಿಲಿಸಿಯೋ ಕಟ್ಟಿಕೊಳ್ಳಬಹುದಿತ್ತು. ಒಳಗೆ ಬೇರೊಂದು ಉಡುಪು ಬೇಕಿರಲಿಲ್ಲ. ಈ ಭಾಗದಲ್ಲಿ ಚೊಚ್ಚಲ ಬಸುರಿಗೆ ಮಾಡುವ ಸೀಮಂತಕ್ಕೆ ಇಂದಿಗೂ ಕುಬಸ, ಅಂದರೆ ಕುಪ್ಪಸ, ಎನ್ನುತ್ತಾರೆ. ತವರಿನವರು ಹಸಿರು ಸೀರೆ, ಕುಬಸ ತಂದು ಉಡಿ ತುಂಬುತ್ತಾರೆ.

ಖಣದ ಕುಪ್ಪಸ ಬೆನ್ನನ್ನು ಮುಚ್ಚುತ್ತದೆ. ಕರ್ನಾಟಕದಲ್ಲಿ ಬೆನ್ನು ತೆರೆದ ಉಡುಪಿನ ನಿಜವಾದ ಪರಂಪರೆ ಲಂಬಾಣಿ ಹೆಂಗಸರದು. 17ನೆಯ ಶತಮಾನದಲ್ಲಿ ಮೊಗಲ್ ಸೈನ್ಯಗಳಿಗೆ ಎತ್ತುಗಳ ಮೇಲೆ ಕಾಳುಕಡಿ ಹೊತ್ತು ದಖ್ಖನ್ನಿಗೆ ಬಂದ ಈ ಸಮುದಾಯದ ತಾಂಡಾಗಳು ಧಾರವಾಡ, ಗದಗ, ಹಾವೇರಿ, ವಿಜಯಪುರ, ಬಳ್ಳಾರಿ ಜಿಲ್ಲೆಗಳ ಉದ್ದಕ್ಕೂ ಇವೆ. ಫೇಟಿಯಾ ಎಂಬ ಲಂಗ, ತಲೆಯ ಮೇಲಿಂದ ಇಳಿಬಿಡುವ ಮೇಲುಹೊದಿಕೆ, ಇವುಗಳ ಜತೆ ಕಾಂಚಳಿ. ಕಾಂಚಳಿಗೆ ಎದೆ ಮತ್ತು ತೋಳು ಮಾತ್ರ ಬಟ್ಟೆ, ಬೆನ್ನಿಗೆ ಲಾಡಿಗಳು. ಮುಂಭಾಗದಲ್ಲಿ ಕನ್ನಡಿ, ಕವಡೆ, ನಾಣ್ಯ, ಒತ್ತೊತ್ತಾದ ಕಸೂತಿ.

ಈ ಅಲಂಕಾರವನ್ನು ನೋಡಿದವರು ಬಹಳ, ಅದರ ಹಿಂದಿನ ಹೊಲಿಗೆಯ ತಿಳಿವನ್ನು ಗಮನಿಸಿದವರು ಕಡಿಮೆ. ಪದರ ಪದರ ಬಟ್ಟೆಯ ಮೇಲೆ ದಟ್ಟವಾಗಿ ಹಾಕಿದ ದಾರ ಎದೆಭಾಗವನ್ನು ಬಿರುಸಾಗಿಸುತ್ತದೆ. ಅದು ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲುತ್ತದೆ. ಬೆನ್ನ ಲಾಡಿಗಳು ಆ ಬಿರುಸನ್ನು ಮೈಗೆ ಎಳೆದು ಹಿಡಿಯುತ್ತವೆ. ಹೊಲದ ಕೆಲಸ, ದೂರದ ನಡಿಗೆ, ಬಿಸಿಲು, ಬೆವರು ಎಲ್ಲದರಲ್ಲೂ ತೊಡುತ್ತಿದ್ದ ಉಡುಪು ಇದು. ಇದನ್ನು ಮೈ ತೋರುವ ಉಡುಪೆಂದು ಪಟ್ಟಣದವರು ಅಂದಾಡಿಕೊಂಡದ್ದುಂಟು. ಅದು ತಿಳಿಯದ ಮಾತು, ಮೇಲಾಗಿ ಅನ್ಯಾಯದ ಮಾತು. ಈಗ ತಾಂಡಾದ ಕಿರಿಯರು ಸೀರೆ, ಚೂಡಿದಾರಕ್ಕೆ ಹೊರಳಿದ್ದಾರೆ. ಕಸೂತಿಯನ್ನು ಉಳಿಸಿದವರಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಮುಖ್ಯ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇಪ್ಪತ್ತನೆಯ ಶತಮಾನದಲ್ಲಿ ಹೊರಗಿನ ಉಡುಪು, ಒಳಗಿನ ಆಧಾರ ಎರಡು ಬೇರೆಯಾದವು. ಧಾರವಾಡ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು; ಉಡುಪಿನ ಹೊಸ ರೂಢಿಗಳೂ ಆ ದಿಕ್ಕಿನಿಂದಲೇ ಬಂದವು. ಖಣದ ಜಾಗಕ್ಕೆ ಮಿಲ್ಲಿನ ತೆಳು ಬಟ್ಟೆ, ಆಮೇಲೆ ಟೂ ಬೈ ಟೂ ರೂಬಿಯಾ ಬಂತು. ಗಂಟಿನ ಕುಪ್ಪಸ ಹೋಗಿ ಹುಕ್ಕಿನ ಜಂಪರ್ ಆಯಿತು. ತೆಳು ಬಟ್ಟೆ ಭಾರ ಹೊರಲಾರದು, ಒಳಗಿನದನ್ನು ಮರೆಸಲಾರದು. ಹೀಗಾಗಿ ಜಂಪರಿನ ಒಳಗೆ ‘ಬಾಡಿ’ ಬೇಕಾಯಿತು. ಅತ್ತ ಅಮೆರಿಕದಲ್ಲಿ ಮೇರಿ ಫೆಲ್ಪ್ಸ್ ಜೇಕಬ್ 1914ರ ನವೆಂಬರ್‌ನಲ್ಲಿ ಪೇಟೆಂಟು ಪಡೆದದ್ದು ‘ಬೆನ್ನಿಲ್ಲದ ಬ್ರೇಸಿಯರ್’ಗೆ. ಎರಡು ಕರವಸ್ತ್ರ, ಒಂದಿಷ್ಟು ರಿಬ್ಬನ್ನು ಸೇರಿಸಿ ಅವಳು ಮಾಡಿದ ಉಡುಪಿನ ಪೇಟೆಂಟನ್ನು ವಾರ್ನರ್ ಕಾರ್ಸೆಟ್ ಕಂಪನಿ 1500 ಡಾಲರಿಗೆ ಕೊಂಡಿತು. ಮುಂದೆ ಪೇಟೆಗೆ ಬಂದ ಬ್ರಾ ಮಾತ್ರ ಬೆನ್ನಿನ ಪಟ್ಟಿಯನ್ನೇ ನೆಚ್ಚಿಕೊಂಡಿತು. ಇಂದಿಗೂ ಒಳ್ಳೆಯ ಬ್ರಾದಲ್ಲಿ ಭಾರದ ದೊಡ್ಡ ಪಾಲನ್ನು ಹೊರುವುದು ಭುಜಪಟ್ಟಿಯಲ್ಲ, ಎದೆಯನ್ನು ಸುತ್ತಿದ ಪಟ್ಟಿ.

1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದಲ್ಲಿ ಮಾಧುರಿ ದೀಕ್ಷಿತ್ ತೊಟ್ಟ ಬೆನ್ನು ತೆರೆದ ರವಿಕೆ ದೇಶದ ಮದುವೆಮನೆಗಳನ್ನೆಲ್ಲ ತಲುಪಿತು. ಡೋರಿ, ಲಟಕನ್, ಡೀಪ್ ನೆಕ್ ಎಂಬ ಮಾತುಗಳು ಧಾರವಾಡದ ಹೊಲಿಗೆ ಅಂಗಡಿಗಳಲ್ಲೂ ಬಳಕೆಗೆ ಬಂದವು. ಬೆನ್ನಪಟ್ಟಿಗೆ ಜಾಗವಿಲ್ಲದ ಇಂಥ ರವಿಕೆಗೆ ಟೇಲರುಗಳು ಕಂಡುಕೊಂಡ ಉಪಾಯ ‘ಕಪ್ ಇಟ್ಟು ಹೊಲಿಯುವುದು’: ಲೈನಿಂಗಿನ ಒಳಗೆ ಸ್ಪಂಜಿನ ಕಪ್ಪು ಸೇರಿಸಿ, ಕೆಳಗಿನ ಪಟ್ಟಿಯನ್ನು ಬಿಗಿಯಾಗಿಸಿ, ಮೇಲೆ ಡೋರಿ ಕೊಡುವುದು. ಕಾಂಚಳಿ ಮಾಡುತ್ತಿದ್ದ ಕೆಲಸವೇ ಇದು. ಹುಬ್ಬಳ್ಳಿ-ಧಾರವಾಡ ಮಹಾನಗರದೊಳಗೆ ಸೇರಿ, ಕೈಗಾರಿಕಾ ಪ್ರದೇಶವಾಗಿ ಬೆಳೆದ ಲಕಮನಹಳ್ಳಿಯಂಥ ಕಡೆ ಮದುವೆಗೆ ರವಿಕೆ ಹೊಲಿಸುವವರಿಗೆ ಅಂಟಿಗಿಂತ ಮೊದಲು ಇದನ್ನೇ ಹೇಳಬೇಕು. ಒಳ್ಳೆಯ ಕೈಯಲ್ಲಿ ಹೊಲಿದ ಕಪ್ಪಿನ ರವಿಕೆಗೆ ಬಹಳ ಸಲ ಬೇರೆ ಒಳಉಡುಪೇ ಬೇಡ. ಸಿದ್ಧ ಗೌನು, ತೆಳುವಾದ ನೆಟ್ಟಿನ ಬ್ಲೌಸು, ಕೊರಳು ಎದೆಯ ನಡುವಿನವರೆಗೆ ಇಳಿದ ಲೆಹೆಂಗಾ ಮೇಲಂಗಿ, ಇವಕ್ಕೆ ಮಾತ್ರ ಅಂಟು ಅನಿವಾರ್ಯ.

ಅಂಟಿನ ಮೊದಲ ಪ್ರಯತ್ನಗಳಲ್ಲಿ ಹೆಸರಾದದ್ದು 1949ರದು. ಅಮೆರಿಕದ ಚಾರ್ಲ್ಸ್ ಲ್ಯಾಂಗ್ಸ್ ಪಟ್ಟಿ, ತಂತಿ ಇಲ್ಲದ ಅಂಟು ಕಪ್ಪುಗಳನ್ನು ಮಾರಿದ, ಅವು ಬಾಳಲಿಲ್ಲ. ಸಿನಿಮಾ, ರಂಗಭೂಮಿಯವರು ಎರಡೂ ಬದಿ ಹತ್ತುವ ಟೇಪಿನಿಂದ ಬಟ್ಟೆಯನ್ನು ಮೈಗೆ ಅಂಟಿಸುತ್ತ ಬಂದರು. 2000ದ ಗ್ರ್ಯಾಮಿ ಸಮಾರಂಭದಲ್ಲಿ ಜೆನಿಫರ್ ಲೋಪೆಜ್ ತೊಟ್ಟ ಹಸಿರು ಗೌನು ಈ ಟೇಪನ್ನು ಮನೆಮಾತಾಗಿಸಿತು. ಆ ದಶಕದ ಆರಂಭದಲ್ಲೇ ಕ್ಯಾಲಿಫೋರ್ನಿಯಾದ ಬ್ರಾಜೆಲ್ ಕಂಪನಿ ‘ನೂಬ್ರಾ’ ಹೆಸರಿನ ಸಿಲಿಕೋನ್ ಕಪ್ಪುಗಳನ್ನು ತಂದಿತು. ಎರಡು ಕಪ್ಪು, ನಡುವೆ ಒಂದು ಕೊಂಡಿ. ತೊಳೆದು ಮತ್ತೆ ಬಳಸಬಹುದು. ಈಗ ಸಿಗುವ ಉದ್ದನೆಯ ಎದೆ ಟೇಪಿನ ಹುಟ್ಟು ಬೇರೆ ಕಡೆಯದು. ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ಸ್ನಾಯುನೋವಿಗೆಂದು ರೂಪಿಸಿದ ಹಿಗ್ಗುವ ಹತ್ತಿ ಟೇಪಿನ ಬಂಧು ಅದು, ಅಂಟು ಅಕ್ರಿಲಿಕ್.

ಈ ಎರಡು ಅಂಟುಗಳ ಸ್ವಭಾವ ತಿಳಿದರೆ ಆಯ್ಕೆ ಅರ್ಧ ಮುಗಿದಂತೆ. ಸಿಲಿಕೋನ್ ಮೃದು, ಹತ್ತಿದಷ್ಟೇ ಸುಲಭವಾಗಿ ಬಿಡುತ್ತದೆ. ಬೆವರು, ಎಣ್ಣೆ ತಾಗಿದರೆ ಹಿಡಿತ ತಪ್ಪುತ್ತದೆ. ಅಕ್ರಿಲಿಕ್ ಹೊತ್ತು ಹೋದಂತೆ ಗಟ್ಟಿಯಾಗಿ ಹಿಡಿಯುತ್ತದೆ. ತೆಗೆಯುವಾಗ ಚರ್ಮಕ್ಕೆ ಪೆಟ್ಟು. ಸಿಲಿಕೋನ್ ಕಪ್ಪಿಗೆ ಅದರದೇ ಭಾರವಿದೆ; ದೊಡ್ಡ ಎದೆಯವರಿಗೆ ಅದು ಹೊರೆಯ ಮೇಲೆ ಹೊರೆ. ಅವರಿಗೆ ಟೇಪು ಮೇಲು: ಕೆಳಗಿನಿಂದ ಎತ್ತಿ ಭುಜದ ಕಡೆಗೆ ಅಂಟಿಸಿದರೆ ಎಳೆತ ಟೇಪಿನ ಉದ್ದಕ್ಕೆ ಬೀಳುತ್ತದೆ, ಆ ದಿಕ್ಕಿನ ಎಳೆತವನ್ನು ಅಂಟು ಚೆನ್ನಾಗಿ ತಡೆಯುತ್ತದೆ. ಅಂಟು ಸೋಲುವುದು ಅಂಚಿನಿಂದ ಸುಲಿಯುವಾಗ. ಟೇಪಿನ ಮೂಲೆಗಳನ್ನು ಗುಂಡಾಗಿ ಕತ್ತರಿಸಬೇಕೆನ್ನುವುದು ಇದಕ್ಕೇ. ಚಿಕ್ಕ ಎದೆಯವರಿಗೆ ಆಧಾರದ ಅಗತ್ಯವೇ ಕಡಿಮೆ, ಬಿಲ್ಲೆಗಳೇ ಸಾಕು. ಅಂಟು ಕಪ್ಪಿಗೆ 32, 34 ಎಂಬ ಸುತ್ತಳತೆ ಲೆಕ್ಕಕ್ಕಿಲ್ಲ, ಕಪ್ಪಿನ ಅಕ್ಷರವಷ್ಟೇ. ತೊಡುವ ಬ್ರಾದ ಅಳತೆ ಸರಿಯಿಲ್ಲದಿದ್ದರೆ ಇದೂ ತಪ್ಪುತ್ತದೆ.

ನಮ್ಮ ಮದುವೆಗಳ ಕಾಲ ಇನ್ನೊಂದು ತೊಡಕು. ಬಸವ ಜಯಂತಿಯ ಆಸುಪಾಸಿನ ಮುಹೂರ್ತ, ಏಪ್ರಿಲ್-ಮೇ ಬಿಸಿಲು, ತುಂಬಿದ ಕಲ್ಯಾಣ ಮಂಟಪ, ಹಿಂದಿನ ದಿನ ಮೈಗೆಲ್ಲ ಹಚ್ಚಿದ ಅರಿಷಿಣ ಎಣ್ಣೆ: ಅಂಟಿಗೆ ಇವೆಲ್ಲ ವೈರಿಗಳು. ಅರಿಷಿಣದ ಎಣ್ಣೆಯನ್ನು ಸೋಪಿನಿಂದ ಪೂರ್ತಿ ತೊಳೆದು, ಮೈ ಒಣಗಿಸಿ, ಪೌಡರು, ಲೋಷನ್ ಹಚ್ಚದೆ ಅಂಟಿಸಬೇಕು. ಅಕ್ಷತೆಯ ವಿಧಿಯುದ್ದಕ್ಕೂ ಕುಳಿತೆದ್ದು ನಮಸ್ಕರಿಸುವ ಮದುಮಗಳಿಗೆ ಹೊಲಿದ ಕಪ್ಪಿನ ರವಿಕೆ, ಸಂಜೆಯ ಆರತಕ್ಷತೆಯ ಗೌನಿಗೆ ಅಂಟು ಎಂದು ಹಂಚಿಕೊಳ್ಳುವುದು ಜಾಣತನ. ಮಂಗಳೂರು, ಕಾರವಾರದ ಸೆಕೆಯಲ್ಲಿ ಸಿಲಿಕೋನ್ ಕಪ್ಪನ್ನು ನಂಬುವುದು ಕಷ್ಟ.

ಚರ್ಮದ ವಿಷಯದಲ್ಲಿ ರಾಜಿ ಸಲ್ಲದು. ಅಕ್ರಿಲಿಕ್ ಅಂಟಿನಿಂದ ಕೆಲವರಿಗೆ ತುರಿಕೆ, ಕೆಂಪು ದದ್ದು, ಗುಳ್ಳೆ ಏಳುತ್ತದೆ. ಒಂದು ಚೂರನ್ನು ಮುಂಗೈಯ ಒಳಬದಿಗೆ ಹಚ್ಚಿ ಒಂದು ಹಗಲು-ರಾತ್ರಿ ನೋಡಿ, ಏನೂ ಆಗದಿದ್ದರೆ ಮಾತ್ರ ಎದೆಗೆ ಬಳಸಬೇಕು. ಮದುವೆಯ ಹಿಂದಿನ ದಿನ ನೋಡಿದರೆ ತಡವಾಯಿತು, ವಾರ ಮೊದಲೇ ನೋಡಬೇಕು. ಹಾಲೂಡುವ ತಾಯಂದಿರು, ಗಾಯ ಅಥವಾ ಇಸುಬು ಇರುವವರು, ಎದೆಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿರುವವರು ಅಂಟನ್ನು ಮುಟ್ಟದಿರುವುದೇ ಸರಿ. ಟೇಪಿನಡಿ ತೊಟ್ಟಿಗೆ ಹತ್ತಿಯ ಬಿಲ್ಲೆಯೋ ಮೆತ್ತನೆಯ ಬಟ್ಟೆಯೋ ಇರಬೇಕು. ತೆಗೆಯುವಾಗ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು, ಟೇಪನ್ನು ಮೇಲಕ್ಕೆ ಎಳೆಯದೆ ಮೈಗೆ ಸಮನಾಗಿ ಹಿಂದಕ್ಕೆ ಮಡಚುತ್ತ ಬಿಡಿಸಬೇಕು. ಸಿಲಿಕೋನ್ ಕಪ್ಪನ್ನು ಪ್ರತಿ ಸಲವೂ ಸೌಮ್ಯ ಸೋಪು, ಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಆರಿಸಿ, ಅಂಟಿನ ಮುಖಕ್ಕೆ ಅದರ ಜತೆ ಬಂದ ಹಾಳೆಯನ್ನು ಮುಚ್ಚಿ ಇಡಬೇಕು. ತೊಳೆದ ಮೇಲೂ ಹಿಡಿತ ಬಾರದಿದ್ದರೆ ಆ ಕಪ್ಪಿನ ಆಯುಷ್ಯ ತೀರಿತು.