ಊರ್ಗಾಂ ಗಣಿಯ ಷೇರು

ಚಿನ್ನ ಕೊಳ್ಳುವುದು ಬೇರೆ, ಚಿನ್ನದ ಗಣಿಯ ಷೇರು ಕೊಳ್ಳುವುದು ಬೇರೆ. ಮೊದಲನೆಯದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ವಿದ್ಯೆ: ಒರೆಗೆ ಹಚ್ಚಿ ನೋಡಬಹುದು, ತೂಕ ಹಾಕಿಸಬಹುದು. ಎರಡನೆಯದರಲ್ಲಿ ಕೈಗೆ ಬರುವುದು ಕಾಗದ ಮಾತ್ರ; ಚಿನ್ನ ಇನ್ನೂ ನೆಲದಡಿಯಲ್ಲಿದೆ, ಇದೆಯೋ ಇಲ್ಲವೋ ಅದೂ ತಿಳಿಯದು. ಅಂಥ ಕಾಗದ ಕೊಂಡವರ ಕಥೆಯೊಂದು ನಮ್ಮ ಕೋಲಾರದ ನೆಲಕ್ಕೇ ಸೇರಿದೆ.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಈ ಸೀಮೆಯ ಚಿನ್ನವನ್ನು ಕುರಿತು ವರದಿ ಬರೆದಿದ್ದ. 1870ರ ದಶಕದಲ್ಲಿ ಲ್ಯಾವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿಯ ಹಕ್ಕು ಪಡೆದು, ಮುಂದೆ ಅದನ್ನು ಇತರರಿಗೆ ಮಾರಿದ. ಬೆಂಗಳೂರಿನ ಲ್ಯಾವೆಲ್ ರಸ್ತೆ ಈತನ ಹೆಸರಿನದೇ. 1880ರ ಹೊತ್ತಿಗೆ ಲಂಡನ್ನಿನಲ್ಲಿ ದಕ್ಷಿಣ ಭಾರತದ ಚಿನ್ನದ ಹುಚ್ಚು ನೆತ್ತಿಗೇರಿತು. ವೈನಾಡು, ಕೋಲಾರಗಳ ಹೆಸರಿನಲ್ಲಿ ಸಾಲುಸಾಲಾಗಿ ಕಂಪನಿಗಳು ಹುಟ್ಟಿದವು. ಷೇರು ಕೊಂಡವರಲ್ಲಿ ಬಹುಮಂದಿ ಗಣಿಯನ್ನು ಕಣ್ಣಿನಿಂದ ಕಂಡವರಲ್ಲ.

ಎರಡು ಮೂರು ವರ್ಷಗಳಲ್ಲಿ ವೈನಾಡಿನ ಕಂಪನಿಗಳು ಒಂದೊಂದಾಗಿ ಮುಳುಗಿದವು. ಕೋಲಾರದಲ್ಲೂ ಅದೇ ಲಕ್ಷಣ ಕಾಣಿಸಿತು. ನಮ್ಮ ಪೂರ್ವಿಕರು ಮೇಲಿನ ಪದರದ ಚಿನ್ನವನ್ನು ಎಂದೋ ತೆಗೆದುಬಿಟ್ಟಿದ್ದರು. ಹೊಸಬರ ಪಾಲಿಗೆ ಉಳಿದಿದ್ದು ಹಳೆಯ ಗುಂಡಿಗಳು. ಮೈಸೂರು ಕಂಪನಿಯ ಹಣ ಕರಗುತ್ತ ಬಂದು, ಬಾಗಿಲು ಮುಚ್ಚುವ ಮಾತು ಎದ್ದಿತು. ಜಾನ್ ಟೇಲರ್ ಸಂಸ್ಥೆಯ ಸಲಹೆಯಂತೆ ಉಳಿದ ಅಲ್ಪ ಹಣವನ್ನೇ ಪಣವಿಟ್ಟು ಕ್ಯಾಪ್ಟನ್ ಪ್ಲಮ್ಮರ್‌ನನ್ನು ಕಳುಹಿಸಿದರು. ಅವನು ಹಳೆಯ ಗುಂಡಿಗಳಿಗಿಂತ ಆಳಕ್ಕೆ ಇಳಿದ. 1885ರ ಸುಮಾರಿಗೆ ಚಾಂಪಿಯನ್ ಪದರದ ಸಂಪತ್ತು ಬೆಳಕಿಗೆ ಬಂತು.

ಪಕ್ಕದ ಊರ್ಗಾಂ ಕಂಪನಿಯ ಸ್ಥಿತಿಯೂ ಅಷ್ಟೇ ಬಿಗಡಾಯಿಸಿತ್ತು. ಒಂದು ಪೌಂಡ್, ಅಂದರೆ 20 ಷಿಲಿಂಗ್, ಮುಖಬೆಲೆಯ ಷೇರು ಪೇಟೆಯಲ್ಲಿ ಎರಡೂವರೆ ಷಿಲಿಂಗಿಗೆ ಇಳಿದಿತ್ತು. ಅಗೆಯಲು ಹಣ ಬೇಕು, ಆದರೆ ಎರಡೂವರೆ ಷಿಲಿಂಗಿನ ವಸ್ತುವಿಗೆ ಇಪ್ಪತ್ತು ಷಿಲಿಂಗ್ ಯಾರು ಕೊಟ್ಟಾರು? 1885ರಲ್ಲಿ ನಿರ್ದೇಶಕರು ಒಂದು ಉಪಾಯ ಹೂಡಿದರು. 1,20,000 ಆದ್ಯತಾ ಷೇರುಗಳನ್ನು ಹೊರಡಿಸಿ, ಒಂದೊಂದರಲ್ಲಿ 15 ಷಿಲಿಂಗ್ ಆಗಲೇ ಸಂದಾಯವಾಗಿದೆ ಎಂದು ಲೆಕ್ಕ ಬರೆದು, ಕೇವಲ 5 ಷಿಲಿಂಗ್ ಕೇಳಿದರು. ಹಣ ಬಂತು, ಮುಂದೆ ಕಂಪನಿಯೂ ಏಳಿಗೆ ಕಂಡಿತು.

ಏಳಿಗೆಯ ಹಿಂದೆಯೇ ವ್ಯಾಜ್ಯವೂ ಬಂತು. ರೋಪರ್ ಎಂಬ ಸಾಮಾನ್ಯ ಷೇರುದಾರ ನ್ಯಾಯಾಲಯದ ಮೆಟ್ಟಿಲು ಹತ್ತಿದ. ಕಾಲುಭಾಗ ಕೊಟ್ಟವನಿಗೆ ಪೂರ್ತಿ ಪಾಲು ಹೇಗೆ ಎಂಬುದು ಪ್ರಶ್ನೆ. ಕಷ್ಟಕಾಲದಲ್ಲಿ ಹಣ ಹಾಕಿದವರಿಗೂ ಅವರದೇ ನ್ಯಾಯವಿತ್ತು: ಅವರಿಲ್ಲದಿದ್ದರೆ ಗಣಿಯೆಲ್ಲಿ, ಪಾಲೆಲ್ಲಿ? 1892ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನಿರ್ದೇಶಕರದು ಪ್ರಾಮಾಣಿಕ ಉದ್ದೇಶವೇ ಇರಬಹುದು. ಆದರೆ ಮುಖಬೆಲೆಗಿಂತ ಕಡಿಮೆಗೆ ಷೇರು ಕೊಡುವ ಅಧಿಕಾರ ಕಂಪನಿಗಿಲ್ಲ. ಇಷ್ಟು ಬಂಡವಾಳವಿದೆ ಎಂದು ಜಗತ್ತಿಗೆ ಸಾರಿದ ಮೇಲೆ ಅಷ್ಟು ಹಣಕ್ಕೆ ಷೇರುದಾರರು ಹೊಣೆಯಾಗಲೇಬೇಕು.

ಕಾನೂನು ವಿದ್ಯಾರ್ಥಿಗಳು ಇಂದಿಗೂ ಈ ಮೊಕದ್ದಮೆಯನ್ನು ಓದುತ್ತಾರೆ. ನಮ್ಮ 2013ರ ಕಂಪನಿ ಕಾಯಿದೆಯ 53ನೆಯ ವಿಧಿಯೂ, ಕೆಲವು ಅಪವಾದಗಳನ್ನು ಬಿಟ್ಟರೆ, ಅದೇ ತತ್ತ್ವವನ್ನು ಹೇಳುತ್ತದೆ. ಊರ್ಗಾಂ ಎಂಬ ಪುಟ್ಟ ಊರಿನ ಹೆಸರು ಹೀಗೆ ಲೋಕದ ಕಾನೂನು ಗ್ರಂಥಗಳಲ್ಲಿ ಉಳಿದುಕೊಂಡಿತು.

ಗಣಿಗಳು ಮಾತ್ರ ಉಳಿಯಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರಕ್ಕೆ ಹರಿಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. ಆಳ ಮೂರು ಕಿಲೋಮೀಟರ್ ದಾಟಿತು, ಅದಿರಿನ ಸತ್ತ್ವ ಇಳಿಯಿತು, ಖರ್ಚು ಏರಿತು. 2001ರಲ್ಲಿ ಕೆಲಸ ನಿಂತಿತು.

ಈಗಲೂ ಚಿನ್ನದ ದರ ಏರಿದಾಗಲೆಲ್ಲ ಗಣಿಯ ಷೇರಿನ ಮಾತು ಏಳುತ್ತದೆ. ದರವೊಂದನ್ನೇ ನೋಡಿದರೆ ಸಾಲದು. ಒಂದು ಟನ್ ಅದಿರಿನಲ್ಲಿ ಎಷ್ಟು ಗ್ರಾಂ ಚಿನ್ನವಿದೆ, ಅದನ್ನು ತೆಗೆಯಲು ತಗಲುವ ಖರ್ಚೆಷ್ಟು, ಗಣಿಗೆ ಸರ್ಕಾರದ ಪರವಾನಗಿ ಸಿಕ್ಕಿದೆಯೇ, ಮುಂದೆ ಹಣ ಬೇಕಾದಾಗ ಹೊಸ ಷೇರು ಯಾರಿಗೆ, ಯಾವ ಬೆಲೆಗೆ ಹೋಗುತ್ತದೆ ಎಂಬುದನ್ನು ಸಣ್ಣ ಹೂಡಿಕೆದಾರ ಕೇಳಬೇಕು. ರೋಪರ್ ಎತ್ತಿದ್ದು ಈ ಕೊನೆಯ ಪ್ರಶ್ನೆಯನ್ನೇ. ಅದನ್ನು ಹಣ ಹಾಕುವ ಮುಂಚೆಯೇ ಕೇಳಿದರೆ ವಕೀಲರ ಖರ್ಚಾದರೂ ಉಳಿದೀತು.