ಮೂರು ಪೇಟೆ, ಒಂದು ಗಡಿ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕದ ಬಾಗಿಲು ನಿಪ್ಪಾಣಿ ಬಳಿಯ ಕೊಗನೊಳ್ಳಿ. ಇಲ್ಲಿಗೆ ಕೊಲ್ಹಾಪುರ ಹತ್ತಿರ, ಬೆಳಗಾವಿ ದೂರ. ಕಾರು ಕೊಳ್ಳುವವರ ಮುಂದೆ ಈ ಎರಡು ಪೇಟೆಗಳ ಜತೆಗೆ ಈಗ ಅಂತರ್ಜಾಲದ ಮೂರನೇ ಪೇಟೆಯೂ ತೆರೆದಿದೆ.

ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದಾಗ ಎರಡೂ ಕಡೆ ಒಂದೇ ಸರ್ಕಾರವಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಂಟಸ್ತನಕ್ಕೆ ಅಡ್ಡಿಯಾಗದ ಗಡಿ, ವಾಹನದ ನೋಂದಣಿ ಮತ್ತು ತೆರಿಗೆಯನ್ನು ಮಾತ್ರ ಬೇರೆ ಮಾಡಿತು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಡೀಲರ್ ಹೇಳಿದ್ದೇ ಕೊನೆಯ ಮಾತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಆಯ್ಕೆ ಬೆಳೆಯತೊಡಗಿತು. 2020ರಲ್ಲಿ ಹ್ಯುಂಡೈ ಕಂಪನಿ ಮನೆಯಲ್ಲೇ ಕುಳಿತು ಕಾರು ಕೊಳ್ಳುವ ಏರ್ಪಾಡು ಮಾಡಿತು. ಆದರೆ ಅದರಲ್ಲೂ ಕಾರನ್ನು ಒಪ್ಪಿಸುವವರು ಡೀಲರೇ.

ಪರದೆಯ ಮೇಲಿನ ಶೋರೂಮ್ ಬೆಲೆಯೇ ಪೂರ್ತಿ ಬೆಲೆಯಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿಗೆ ಮಾಲೀಕರ ವಾಸಸ್ಥಳ ಅಥವಾ ವಾಹನ ಸಾಮಾನ್ಯವಾಗಿ ಇರುವ ಸ್ಥಳವೇ ಆಧಾರ. ಕರ್ನಾಟಕದಲ್ಲಿ 8 ಲಕ್ಷ ರೂಪಾಯಿಯ ಪೆಟ್ರೋಲ್ ಕಾರಿಗೆ ಶೇ 14ರಂತೆ 1.12 ಲಕ್ಷ ರೂಪಾಯಿ ಆಜೀವ ತೆರಿಗೆ. ಮೇಲೆ ಸೆಸ್ ಬೇರೆ. ಮಹಾರಾಷ್ಟ್ರದಲ್ಲಿ ದರ ಕಡಿಮೆ. ಕೊಲ್ಹಾಪುರದ ನಂಟರ ವಿಳಾಸ ಕೊಟ್ಟರೆ ಉಳಿತಾಯವೆಂದು ತೋರಬಹುದು. ಆದರೆ ಹೊರರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು 12 ತಿಂಗಳಿಗೂ ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ಸಂಖ್ಯೆ ಪಡೆಯಬೇಕೆನ್ನುತ್ತದೆ ಅದೇ ಕಾಯ್ದೆಯ 47ನೇ ಕಲಮು. ಆಗ ಇಲ್ಲಿನ ತೆರಿಗೆಯೂ ತಪ್ಪದು.

ಪೇಟೆ ಯಾವುದೇ ಇರಲಿ, ಮುಂಗಡ ಕೊಡುವ ಮೊದಲು ಕೇಳಬೇಕಾದ್ದು ಒಂದೇ: ನಮ್ಮ ಊರಿನ ವಿಳಾಸಕ್ಕೆ, ತೆರಿಗೆ ಸೇರಿ, ಒಟ್ಟು ಎಷ್ಟು?