ಮುಳುಗಡೆಯವರ ವಿಳಾಸ

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ನೀರು ಮೇಲೇರಿ ಬಂದು ಊರುಗಳನ್ನು ನುಂಗಿತು. 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಅದರಡಿ ಸೇರಿಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಅದು ತಲೆಯೆತ್ತುತ್ತದೆ. ಊರು ಹೋದರೂ ಅದರ ಹೆಸರು ನೆಂಟರ ಡೈರಿಗಳಲ್ಲಿ ಹಾಗೇ ಉಳಿಯಿತು.

ನಮ್ಮ ಮನೆಯೂ ಮುಳುಗಡೆಯದು. ಹೊಸನಗರ ತಾಲ್ಲೂಕಿನ ಕಾಡಂಚಿಗೆ ಬಂದ ಮೇಲೆ ಅಪ್ಪಯ್ಯ ನೆಂಟರಿಗೆಲ್ಲ ಕಾರ್ಡು ಬರೆದು ಹೊಸ ವಿಳಾಸ ತಿಳಿಸಿದರಂತೆ. ಆದರೂ ಘಟ್ಟದ ಕೆಳಗಿನವರು, ಮುಂಬಯಿಗೆ ಹೋದವರು, ಮದುವೆ ಕರೆಯೋಲೆ ಕಳಿಸುವಾಗ ಹಳೆಯ ಪಟ್ಟಿಯನ್ನೇ ನೋಡಿ ಬರೆಯುತ್ತಿದ್ದರು. ಕಾಗದ ನಮ್ಮ ಕೈಸೇರುತ್ತಿದ್ದುದು ಅಂಚೆಯವರಿಂದ. ಹಳೆಯ ಊರಿನ ಹೆಸರಿಗೆ ಗೀಟೆಳೆದು, ಪಕ್ಕದಲ್ಲಿ ಹೊಸದನ್ನು ಬರೆದು ಮುಂದೆ ಕಳಿಸುತ್ತಿದ್ದರು. ಯಾರ ಮನೆ ಎಲ್ಲಿಗೆ ಹೋಯಿತು ಎಂಬುದನ್ನು ತಿಳಿದ ಒಬ್ಬ ಪೋಸ್ಟ್‌ಮ್ಯಾನ್ ಇದ್ದರೆ ಸಾಕಿತ್ತು, ಹತ್ತು ಕಡೆಯ ತಪ್ಪು ಅಲ್ಲೇ ಸರಿಹೋಗುತ್ತಿತ್ತು. ಆ ಕೆಲಸಕ್ಕೆ ನಾವು ಸಲ್ಲಿಸಬೇಕಾದ ಕೃತಜ್ಞತೆ ದೊಡ್ಡದು.

ಎಲ್ಲೂ ಪತ್ತೆಯಾಗದ ಕಾಗದ ಬರೆದವರಿಗೇ ವಾಪಸಾಗುತ್ತದೆ. ಬರೆದವರ ವಿಳಾಸವೂ ಇಲ್ಲದಿದ್ದರೆ ಅದಕ್ಕೆಂದೇ ಇರುವ ಅಂಚೆ ಕಚೇರಿಗೆ ಹೋಗುತ್ತದೆ. ಅಲ್ಲಿ ಮಾತ್ರ ಲಕೋಟೆ ಒಡೆದು ವಿಳಾಸ ಹುಡುಕುತ್ತಾರೆ.

ಸಾಗರದವರಿಗೆ ಇನ್ನೊಂದು ತೊಡಕಿತ್ತು. ಮಧ್ಯಪ್ರದೇಶದಲ್ಲೂ ಸಾಗರ್ ಇದೆ, ನಮ್ಮದೇ ರಾಜ್ಯದ ಶಹಾಪುರದ ಕಡೆಯೂ ಒಂದು ಸಗರ ಇದೆ. ಅದಕ್ಕೇ ದೂರದವರು 'ಶಿವಮೊಗ್ಗ ಜಿಲ್ಲೆ, ಮೈಸೂರು ರಾಜ್ಯ' ಎಂದು ಪೂರ್ತಿ ಬರೆಯಬೇಕಿತ್ತು. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಈ ಗೋಜಲು ಬಿಡಿಸಿತು. ನಮ್ಮ ಸಾಗರ 577401. ಮೊದಲ ಅಂಕಿ 5 ಎಂದರೆ ದಕ್ಷಿಣ. ಮಧ್ಯಪ್ರದೇಶದ್ದು 4ರಿಂದ ಶುರು.

ಈಗ ಮುಳುಗಡೆ ಕುಟುಂಬಗಳ ಮಕ್ಕಳ ಇ-ಮೇಲ್ ಪಟ್ಟಿ ನೋಡಿಕೊಳ್ಳುವವಳು ನಾನು. ಬೆಂಗಳೂರು, ಪುಣೆ, ಅದರಾಚೆಗೂ ಹೋದವರಿದ್ದಾರೆ. ಹೆಸರಿನ ಎರಡಕ್ಷರ ಒತ್ತುವುದರೊಳಗೆ ಕಂಪ್ಯೂಟರು ವಿಳಾಸವನ್ನು ತಾನೇ ಮುಂದಿಡುತ್ತದೆ. ಎಷ್ಟೋ ಸಲ ಅದು ಬಿಟ್ಟುಬಂದ ಕೆಲಸದ ಹಳೆಯ ವಿಳಾಸ. ಆ ಖಾತೆ ಮುಚ್ಚಿದ್ದರೆ ಪತ್ರ ತಿರುಗಿ ಬರುತ್ತದೆ. ಅದೇ ಹೆಸರಿನ ಬೇರೊಬ್ಬರದಾದರೆ ಅವರ ಕೈಗೇ ಹೋಗುತ್ತದೆ, ನಡುವೆ ಗೀಟೆಳೆಯುವವರು ಯಾರೂ ಇಲ್ಲ. ಅಂಚೆಯಲ್ಲಿ ತಪ್ಪು ತಿದ್ದುತ್ತಿದ್ದುದು ಕಾಗದ ಬಂದು ಸೇರುವ ಕಡೆ. ಇಲ್ಲಿ ತಿದ್ದಬೇಕಾದದ್ದು ಕಳಿಸುವವರ ಕಡೆ, ಅದೂ ಪ್ರತಿಯೊಬ್ಬರೂ ತಮ್ಮ ತಮ್ಮಲ್ಲಿ. ಹೊಸ ವಿಳಾಸ ಸೇರಿಸಿದ ಮಾತ್ರಕ್ಕೆ ಹಳೆಯದು ಹೋಗುವುದಿಲ್ಲ.

ಹಾಗಾಗಿ ಎಲ್ಲರಿಗೂ ಇದನ್ನು ಹೇಳಿಕೊಡುತ್ತೇನೆ. ಜಿಮೇಲ್‌ನಲ್ಲಿ ನಾವು ಒಮ್ಮೆ ಬರೆದವರ ವಿಳಾಸ ನಮಗೆ ಗೊತ್ತಿಲ್ಲದೆಯೇ 'ಅದರ್ ಕಾಂಟ್ಯಾಕ್ಟ್ಸ್'ನಲ್ಲಿ ಸೇರಿರುತ್ತದೆ. ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಅಲ್ಲಿಂದ ಅಳಿಸಬೇಕು. ಹೀಗೆ ತಾನಾಗಿ ಸೇರಿಸಿಕೊಳ್ಳುವುದನ್ನೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಲೂಬಹುದು. ಔಟ್‌ಲುಕ್‌ನಲ್ಲಾದರೆ ಮುಂದಿಟ್ಟ ಹೆಸರಿನ ಪಕ್ಕದ ಎಕ್ಸ್ ಗುರುತು ಒತ್ತಿದರಾಯಿತು. ಥಂಡರ್‌ಬರ್ಡ್‌ನಲ್ಲಿ 'ಕಲೆಕ್ಟೆಡ್ ಅಡ್ರೆಸಸ್' ಎಂಬ ಪುಸ್ತಕವನ್ನು ನೋಡಬೇಕು.

ನನ್ನ ಪಟ್ಟಿಯಲ್ಲಿ ಹಾಲಿ ವಿಳಾಸದ ಪಕ್ಕ 'ಮೂಲ ಊರು' ಎಂಬ ಕಾಲಂ ಇದೆ. ಅದು ಹಳೆಯದೆಂದು ತೆಗೆಯಲು ಯಾರು ಹೇಳಿದರೂ ಒಪ್ಪುವುದಿಲ್ಲ. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಸಿಗದೆ ಅರ್ಜಿ ಹಿಡಿದು ಓಡಾಡುವ ಮುಳುಗಡೆಯವರು ಇಂದಿಗೂ ಇದ್ದಾರೆ. ಯಾವ ಊರಿಂದ ಎದ್ದುಬಂದೆವು ಎಂಬುದನ್ನು ಅವರು ತೋರಿಸಬೇಕು.